ಐದು ಡಬ್ಬಿ, ಒಂದು ಪಟ್ಟಿ

ಬೈಲಹೊಂಗಲದ ಬಜಾರದಲ್ಲಿ ಜವಳಿ ಅಂಗಡಿ ಇಟ್ಟಿದ್ದ ಗುರುನಾಥನಿಗೆ ಹೋಮ್ ಥೇಟರ್ ಕೊಳ್ಳುವ ಆಸೆ ಹುಟ್ಟಿದ್ದು ೨೦೦೯ರ ಬೇಸಿಗೆಯಲ್ಲಿ. ಮನೆಯಲ್ಲಿ ಅವನು, ಹೆಂಡತಿ ಭಾಗ್ಯಾ ಇಬ್ಬರೇ. ಮದುವೆಯಾಗಿ ಇಪ್ಪತ್ತು ವರ್ಷವಾದರೂ ಮಕ್ಕಳಾಗಿರಲಿಲ್ಲ. ಈಚೆಗೆ ಅವರ ನಡುವೆ ಮಾತೂ ಕಡಿಮೆಯಾಗಿತ್ತು. ಊಟಕ್ಕೆ ಕೂತರೆ ತಾಟಿನ ಸಪ್ಪಳವಷ್ಟೇ. ಮನೆಯಲ್ಲಿ ಒಂದಿಷ್ಟು ಗದ್ದಲವಾದರೂ ಇರಲಿ ಎಂದು ಅವನಿಗೆ ಅನಿಸಿತ್ತು.

ಒಂದು ರವಿವಾರ ಇಬ್ಬರೂ ಸಂಜುವಿನ ಟಿವಿ ಅಂಗಡಿಗೆ ಹೋದರು. ಸಂಜು ಎರಡು ನಮೂನೆ ತೋರಿಸಿದ. ಒಂದು, ರಿಸೀವರ್ ಎಂಬ ಭಾರದ ಪೆಟ್ಟಿಗೆ. ಅದರ ಜೊತೆ ಕೋಣೆಯ ಸುತ್ತ ಇಡಲು ಐದು ಸ್ಪೀಕರ್ ಡಬ್ಬಿ. ಇನ್ನೊಂದು, ಬೆಳಗಾವಿಯಿಂದ ಹೊಸದಾಗಿ ತರಿಸಿದ್ದ ಸೌಂಡ್‌ಬಾರ್; ಟಿವಿ ಕೆಳಗೆ ಇಡುವ ಉದ್ದನೆಯ ಒಂದೇ ಪಟ್ಟಿ.

"ಅಣ್ಣಾರ, ಖರೇ ಥೇಟರ್ ಮಜಾ ಬೇಕಂದ್ರ ರಿಸೀವರ್ ತಗೋರಿ. ಸಿನಿಮಾದಾಗ ಮಳಿ ಬಂದ್ರ ನಿಮ್ಮ ಬೆನ್ನ ಹಿಂದ ಬಂದಂಗ ಕೇಳಸ್ತೈತಿ," ಎಂದ ಸಂಜು.

ಗುರುನಾಥನ ಕಣ್ಣು ಅದರ ಮೇಲೇ ಇತ್ತು. ಭಾಗ್ಯಾ ಮಾತ್ರ ಪಟ್ಟಿಯ ಮೇಲೆ ಕೈಯಾಡಿಸಿ, "ಇದ ಚಂದ ಐತಿ. ಕಸಾ ಹೊಡಿಯಾಕ ವಾಯರ್ ಅಡ್ಡ ಬರೂದಿಲ್ಲ," ಎಂದಳು.

"ಕಸಬರಗಿ ಕೇಳಿ ಸಾಮಾನ ತಗೋತಾರೇನು?" ಎಂದು ಗುರುನಾಥ ಗೊಣಗಿದ.

ಸಂಜು ಇಬ್ಬರನ್ನೂ ಸೋಫಾದ ಮೇಲೆ ಕೂರಿಸಿ ಒಂದು ನಗೆಚಿತ್ರ ಹಾಕಿದ. ಗುರುನಾಥ ಬಿದ್ದು ಬಿದ್ದು ನಕ್ಕ. ಭಾಗ್ಯಾಳೂ ನಕ್ಕಳು. ಎರಡನೆಯ ಸಲ ನಗುವಾಗ ಅವನು ಅವಳತ್ತ ತಿರುಗಿದ. ಅವಳು ಟಿವಿ ನೋಡುತ್ತಿರಲಿಲ್ಲ. ಅವನ ಮುಖ ನೋಡುತ್ತಿದ್ದಳು. ಅವನಿಗೆ ಏನೋ ಸಂಶಯ ಬಂತು. ಪರದೆಯ ಮೇಲೆ ಒಬ್ಬ ಸುಮ್ಮನೆ ಫೋನಿನಲ್ಲಿ ಮಾತಾಡುತ್ತಿದ್ದಾಗ, ನಗುವಂಥದ್ದೇನೂ ಇಲ್ಲದಿದ್ದರೂ, ಬೇಕಂತಲೇ ಜೋರಾಗಿ ನಕ್ಕ. ಭಾಗ್ಯಾ ಕೂಡಲೇ ನಕ್ಕಳು.

ಗುರುನಾಥ ನಗು ನಿಲ್ಲಿಸಿ ಎದ್ದು ನಿಂತ.

"ಚಾ ಕುಡದ ಬರೂಣ ಬಾ," ಎಂದು ಅವಳನ್ನು ಹೊರಗೆ ಕರೆದೊಯ್ದ. ಚಹಾದ ಅಂಗಡಿಯ ಬೆಂಚಿನ ಮೇಲೆ ಅವಳ ಎದುರಿಗೇ ಕೂತು ಕೇಳಿದ, "ಭಾಗ್ಯಾ, ನಿನಗ ಕಿವಿ ಕೇಳಸೂದಿಲ್ಲೇನು?"

ಅವಳು ಕಪ್ಪು ಕೆಳಗಿಟ್ಟಳು. "ಸ್ವಲ್ಪ ಕೇಳಸ್ತೈತ್ರಿ. ಎರಡ ವರ್ಷದ ಹಿಂದ ದೊಡ್ಡ ಜ್ವರಾ ಬಂದಿತ್ತಲ್ಲ, ಅಲ್ಲಿಂದ ಕಮ್ಮಿ ಆಕೋಂತ ಬಂತು. ಎದುರಿಗೆ ಕುಂತ ಮಾತಾಡಿದ್ರ ತುಟಿ ನೋಡಿ ತಿಳಕೋತೇನಿ."

"ಯಾಕ ಹೇಳಲಿಲ್ಲ?"

"ಗೊತ್ತಾದ್ರ ನೀವು ನನ್ನ ಕೂಡ ಮಾತಾಡೂದ ಬಿಡ್ತೀರಿ ಅಂತ ಅಂಜಿದ್ದೆ. ಹೇಳದಿದ್ರೂ ಬಿಟ್ಟ್ರಿ."

ಗುರುನಾಥ ತನ್ನ ಕಪ್ಪನ್ನೂ ಬದಿಗೆ ಸರಿಸಿದ. ಆಮೇಲೆ ನಿಧಾನಕ್ಕೆ, ತುಟಿ ಕಾಣುವಂತೆ ಹೇಳಿದ. "ಹ್ವಾದ ವರ್ಷ ನವಿಲುತೀರ್ಥ ಡ್ಯಾಮಿಗೆ ಹೋಗಿದ್ವಿ. ಗೇಟ್ ತಗದಿದ್ರು, ನೀರ ಧೋ ಅಂತ ಬೀಳತಿತ್ತು. ನಿನ್ನ ಮುಖಾ ನೋಡಿ ಕೇಳಾಕ ಧೈರ್ಯ ಸಾಲದ, ನೀರ ನೋಡಕೋಂತ ಒಂದ ಮಾತ ಕೇಳಿದ್ದೆ. ಮಕ್ಕಳಿಲ್ಲದ ಈ ಮನಿಗೆ ಬಂದ ನಿನಗ ಬ್ಯಾಸರ ಆಗೇತೇನು ಅಂತ. ನೀ ಹೂಂ ಅಂದಿ."

"ಅಯ್ಯ ನನ್ನ ಶಿವನ! ನೀರ ಭಾಳ ಐತಿ ಅಂದಿರಬೇಕ ಅನ್ಕೊಂಡೆ!"

ಭಾಗ್ಯಾ ನಗಲು ಹೋಗಿ ಅತ್ತಳು. ಸೆರಗಿನಿಂದ ಕಣ್ಣೊರೆಸಿಕೊಂಡು, "ಒಂದ ವರ್ಷ ಅದನ್ನ ಎದಿಯಾಗ ಇಟಗೊಂಡ ತಿರಗ್ಯಾಡಿದ್ರೇನು? ಬ್ಯಾಸರ ಆಗಿದ್ರ ನಮ್ಮವ್ವನ ಊರು ಹೂಲಿಗೆ ಬಸ್ಸ ಇರಲಿಲ್ಲೇನು? ಎಂದೋ ಹತ್ತಿ ಹೋಗತಿದ್ದೆ," ಎಂದಳು.

ಬಜಾರದ ಮಂದಿ ಅಡ್ಡಾಡುತ್ತಿದ್ದರೂ ಗುರುನಾಥ ಅವಳ ಕೈ ಹಿಡಿದುಕೊಂಡ. ಚಹಾ ಆರಿಹೋಯಿತು.

ಮರಳಿ ಅಂಗಡಿಗೆ ಬಂದಾಗ ಅವನು, "ಪಟ್ಟೀನ ಕೊಡಪಾ ಸಂಜು, ಈಕಿಗೆ ಅದ ಮನಸಿಗೆ ಬಂದೈತಿ," ಎಂದ.

ಭಾಗ್ಯಾ ತಡೆದಳು. ಹೊರಗಿನವರ ಮುಂದೆ ಅವಳು ಅದನ್ನು ಹೇಳಿದ್ದು ಅದೇ ಮೊದಲು. "ನನಗ ಕಿವಿ ಮಂದ ಐತ್ಯೋ ಸಂಜು. ಯಾವುದರಾಗ ಮಾತು ಚಲೋ ಕೇಳಸ್ತೈತಿ, ಅದನ್ನ ಹೇಳು."

"ಹಂಗಂದ್ರ ಪಟ್ಟಿ ಬ್ಯಾಡ್ರಿ ವೈನಿ. ಇದರಾಗ ಹಾಡು, ಮಾತು, ಗದ್ಲ ಎಲ್ಲಾ ಕೂಡೇ ಏರತಾವ. ರಿಸೀವರದಾಗ ಮಾತು ಹೆಚ್ಚಾಗಿ ನಡುವಿನ ಡಬ್ಬಿಯಿಂದ ಬರ್ತಾವ. ಅದೊಂದರ ಆವಾಜನ ಏರಿಸಬಹುದು." ಸಂಜು ಉಳಿದ ಡಬ್ಬಿಗಳನ್ನು ತಗ್ಗಿಸಿ ಅದನ್ನು ಏರಿಸಿದ.

ಭಾಗ್ಯಾ ಅದರ ಹತ್ತಿರ ಹೋಗಿ, ಕಣ್ಣು ಮುಚ್ಚಿ ನಿಂತಳು. "ಮಾವ ನಾಳೆ ಬರ್ತಾನಂತ," ಎಂದಳು. ಸಿನಿಮಾದಲ್ಲಿ ಆಗಷ್ಟೇ ಆಡಿದ ಮಾತು ಅದೇ ಆಗಿತ್ತು.

ಮನೆಗೆ ರಿಸೀವರ್ ಬಂತು. ಗುರುನಾಥ ವಾಯರುಗಳನ್ನು ಕಸಬರಿಗೆಗೆ ಸಿಗದಂತೆ ಗೋಡೆಗುಂಟ ಮೇಲೆತ್ತಿ ಮೊಳೆ ಹೊಡೆದ. ನಡುವಿನ ಡಬ್ಬಿಯನ್ನು ಟಿವಿ ಕೆಳಗೆ ಇಡದೆ ಭಾಗ್ಯಾಳ ಕುರ್ಚಿಯ ಪಕ್ಕದ ಸ್ಟೂಲಿನ ಮೇಲೆ ಇಟ್ಟ. ಧಾರವಾಡದ ಡಾಕ್ಟರು ಪರೀಕ್ಷೆ ಮಾಡಿ, ಕಿವಿಗೆ ಮಷಿನ್ ಹಾಕಿದರೆ ಅನುಕೂಲವಾಗುತ್ತದೆ ಎಂದರು. ಅದು ತಯಾರಾಗುವವರೆಗೆ ಈ ಡಬ್ಬಿಯೇ ಆಸರೆಯಾಯಿತು.

ಒಂದು ಸಂಜೆ ಧಾರಾವಾಹಿ ನೋಡುತ್ತ ಭಾಗ್ಯಾ ನಾಯಕಿಯತ್ತ ಕೈ ತೋರಿಸಿ ಬೆರಗಾಗಿ ಕೇಳಿದಳು, "ಈಕಿ ದನಿ ಇಷ್ಟ ದಪ್ಪ ಐತೇನ್ರಿ? ನಾ ಸಣ್ಣ ದನಿ ಅನ್ಕೊಂಡಿದ್ದೆ."

ಧಾರಾವಾಹಿ ಮುಗಿಯುವ ಮೊದಲೇ ಅವಳು ಟಿವಿ ಆರಿಸಿದಳು. "ಇವತ್ತ ಅಂಗಡಿಯಾಗ ಏನೇನಾತು, ಹೇಳ್ರಿ."

ಗುರುನಾಥ ಕುರ್ಚಿ ತಿರುಗಿಸಿಕೊಂಡು ಅವಳ ಎದುರಿಗೆ ಕೂತ. ಸಂಪಗಾಂವದಿಂದ ಮದುವೆ ಸೀರೆಗೆ ಬಂದವರು ಬಣ್ಣದ ಸಲುವಾಗಿ ಬೀಗರು ಬೀಗರೇ ಜಗಳಾಡಿದ್ದನ್ನು, ಮೊದಲಿನಿಂದ ಹೇಳತೊಡಗಿದ.