ಮೊದಲು ತೋರಿಸಿದ್ದು

"ಅದು ಬೇಡ, ಇನ್ನೊಂದು ತೆಗಿ," ಎಂದ ಸ್ಟೇರಿಂಗಪ್ಪ.

ಮಗಳು ಬಿಡಿಸಿ ಹಿಡಿದಿದ್ದ ಕಂದು ಶಾಲನ್ನು ಹಾಗೇ ತೋಳಿನ ಮೇಲೆ ಎಸೆದುಕೊಂಡು ಬೀರುವಿನಿಂದ ನೀಲಿಯದನ್ನು ಎಳೆದಳು. ಅದರ ಮಡಿಕೆ ಪೂರ್ತಿ ಬಿಚ್ಚುವ ಮೊದಲೇ ಅವನು ತಲೆಯಾಡಿಸಿದ. "ಹ್ಞಾಂ, ಇದೇ. ನಿಮ್ಮಮ್ಮನಿಗೆ ಇದನ್ನೇ ಹೊದಿಸು."

ಬಾಗಿಲಿಗೆ ಆತುಕೊಂಡು ಅಳುತ್ತಿದ್ದ ಮೀಟರಕ್ಕನಿಗೆ ಅಳುವಿನ ನಡುವೆಯೇ ನಗು ಉಕ್ಕಿಬಿಟ್ಟಿತು. ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರೂ ಹೆಗಲು ಕುಲುಕುತ್ತಿತ್ತು. ಮಂಚದ ಮೇಲೆ ಮಲಗಿದ್ದವಳೂ ಇವಳೂ ಒಂದೇ ಬಟ್ಟೆಯಂಗಡಿಯ ಒಂದೇ ಕೌಂಟರಿನ ಹಿಂದೆ ನಿಂತು ಕೂದಲು ಬೆಳ್ಳಗೆ ಮಾಡಿಕೊಂಡವರು. ಅವಳು ಬಟ್ಟೆ ತೋರಿಸುವುದು, ಇವಳು ಕಬ್ಬಿಣದ ಮೀಟರು ಕೋಲಿನಿಂದ ಅಳೆದು ಕತ್ತರಿಸುವುದು. ಹೆಸರು ಹಾಗೆ ಬಂದಿತ್ತು.

"ಏನು ಮೀಟರಕ್ಕ, ಈ ಹೊತ್ತಲ್ಲಿ ನಗ್ತೀರಲ್ಲ!" ಎಂದ ಸತ್ತವಳ ತಮ್ಮ. ಅವನು ಕಾಲೇಜಿನಲ್ಲಿ ತರ್ಕ ಪಾಠ ಹೇಳುವ ಲೆಕ್ಚರರು.

"ತಪ್ಪಾಯ್ತಪ್ಪ. ಕಣ್ಣು ಮುಚ್ಚಿದ ಮೇಲೂ ಇವಳ ವ್ಯಾಪಾರ ನಡೀತಾನೇ ಇದೆಯಲ್ಲ, ಅದಕ್ಕೆ ನಗು ಬಂತು."

"ಎಂಥಾ ವ್ಯಾಪಾರ?" ಎಂದು ಸ್ಟೇರಿಂಗಪ್ಪ ತಿರುಗಿದ.

ಮೀಟರಕ್ಕ ಮೂಗು ಒರೆಸಿಕೊಂಡಳು. "ಗಿರಾಕಿ ಮೆಟ್ಟಿಲು ಹತ್ತೋವಾಗಲೇ ಅವರಿಗೆ ಯಾವ ಪೀಸು ಒಪ್ಪತ್ತೆ ಅಂತ ಇವಳಿಗೆ ಗೊತ್ತಾಗೋದು. ಆದ್ರೆ ಅದನ್ನ ಮೊದಲು ತೋರಿಸ್ತಾ ಇರಲಿಲ್ಲ. ಒಪ್ಪದೇ ಇರೋದನ್ನ ಮೊದಲು ಹರಡೋಳು. ಅವರು ಬೇಡ ಅನ್ನೋರು. ಆಮೇಲೆ ಇದನ್ನ ತೆಗೆಯೋಳು. ತಾವೇ ಆರಿಸಿದ್ವಿ ಅಂತ ಹಿಗ್ಗಿಕೊಂಡು ಹೋಗೋರು."

"ಅದು ಅಂಗಡಿ ಮಾತಾಯ್ತು."

"ಮನೇಲೂ ಅದೇ ಅಲ್ವೇನ್ರಿ? 'ನಮ್ಮನೆಯವರಿಗೆ ಎರಡನೇದು ತೋರಿಸಬೇಕು ಕಣೇ' ಅಂತಿದ್ಲು. ಈ ಮನೆ ನೋಡೋಕೆ ಮುಂಚೆ ಸೋರೋ ಮನೆ ಒಂದನ್ನ ತೋರಿಸಿರಲಿಲ್ವಾ ನಿಮಗೆ?"

ತೋರಿಸಿದ್ದಳು. ಸ್ಟೇರಿಂಗಪ್ಪನಿಗೆ ಆ ಮನೆಯ ಗೋಡೆಯ ತೇವದ ಕಲೆ ಕೂಡ ಕಣ್ಣಿಗೆ ಕಟ್ಟಿತು. ಬದುಕಿಡೀ ಒಂದೇ ರೂಟಿನಲ್ಲಿ ಬಸ್ಸು ಓಡಿಸಿದ ಮನುಷ್ಯ ಅವನು. ಯಾರು ಏನೇ ಸಲಹೆ ಕೊಡಲಿ, "ಸ್ಟೇರಿಂಗ್ ನನ್ನ ಕೈಲಿದೆ, ನೀನು ಸುಮ್ನಿರು" ಅನ್ನುತ್ತಿದ್ದ. ಹೆಂಡತಿಯಂತೂ ಎಲ್ಲದಕ್ಕೂ "ನಿಮ್ಮಿಷ್ಟ" ಅನ್ನುವವಳು. ಮನೆ, ಮಗಳ ಶಾಲೆ, ಮಗಳಿಗೆ ಗಂಡು, ಎಲ್ಲವನ್ನೂ ತಾನೇ ತೀರ್ಮಾನ ಮಾಡಿದೆನೆಂದು ಅವನು ಎದೆಯುಬ್ಬಿಸಿ ನಡೆದಿದ್ದ.

ಈಗ ಅವನಿಗೆ ಅವಳ ಇನ್ನೊಂದು 'ನಿಮ್ಮಿಷ್ಟ' ನೆನಪಾಯಿತು. ಅದು ಮನೆಯ ವಿಷಯಕ್ಕೆ ಅಂದದ್ದಲ್ಲ.

*

ಆಸ್ಪತ್ರೆಯ ಮಂಚ ಕಿಟಕಿಯ ಪಕ್ಕದಲ್ಲಿತ್ತು. ಹೊರಗೆ ಮರ ಆಗಷ್ಟೇ ಚಿಗುರಿ ಎಳೆಹಸಿರಾಗಿತ್ತು. ಕೊಯ್ದು ನೋಡಬಹುದು, ಸುಮ್ಮನೆ ಬಿಟ್ಟೂ ನೋಡಬಹುದು, ಯೋಚಿಸಿ ಹೇಳಿ ಎಂದು ಡಾಕ್ಟರು ಹೊರಟುಹೋಗಿದ್ದರು.

"ಆಪರೇಷನ್ ಮಾಡಿಸಿದ್ರೆ ತಿಂಗಳುಗಟ್ಟಲೆ ಇಲ್ಲೇ ಬಿದ್ದಿರಬೇಕಂತೆ," ಅಂದಳು ಅವಳು. "ಮೂಗಿಗೆ, ಹೊಟ್ಟೆಗೆ ಕೊಳವೆ ಹಾಕ್ತಾರಂತೆ. ಮಾತೂ ಆಡೋಕಾಗಲ್ವಂತೆ ಆಮೇಲೆ." ಹೊದಿಕೆಯ ಅಂಚು ಸರಿಮಾಡಿಕೊಂಡು, "ಇಲ್ಲಾಂದ್ರೆ ಮನೆಗೆ ಹೋಗಬಹುದಂತೆ. ನಿಮ್ಮಿಷ್ಟ."

"ಬೇಡ," ಎಂದಿದ್ದ ಅವನು, ಯೋಚನೆಯನ್ನೂ ಮಾಡದೆ. "ಕೊಯ್ಸೋದು ಬೇಡವೇ ಬೇಡ. ನಡಿ ಮನೆಗೆ."

ಅವಳು ಕಿಟಕಿಯತ್ತ ಹೊರಳಿದ್ದಳು. ಮುಖ ಕಾಣಲಿಲ್ಲ.

ಅವಳ ಉಸಿರು ನಿಂತ ಗಳಿಗೆಯಿಂದ ಆ ಒಂದು 'ಬೇಡ' ಅವನ ಕಿವಿಯಲ್ಲಿ ಕೂತಿತ್ತು. ಯಾರೂ ಅವನನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಕೊಯ್ಯಿಸಿದ್ದರೆ ಇರುತ್ತಿದ್ದಳೇನೋ, ಬಾಯಿ ಬಾರದಿದ್ದರೂ ಇರುತ್ತಿದ್ದಳೇನೋ ಎಂದು ಅವನೊಬ್ಬನೇ ತನ್ನನ್ನು ತಾನು ಹುರಿದುಕೊಳ್ಳುತ್ತಿದ್ದ.

*

ಮಣ್ಣು ಮಾಡುವ ಜಾಗ ನೋಡಿ ಬರಲು ಲೆಕ್ಚರರ ಕಾರಿನಲ್ಲಿ ಹೊರಟರು. ಮೀಟರಕ್ಕ ಹಿಂದಿನ ಸೀಟಿನಲ್ಲಿ ಕೂತಳು. ದಾರಿಯಲ್ಲಿ ಸ್ಟೇರಿಂಗಪ್ಪ ಆಸ್ಪತ್ರೆಯ ಮಾತನ್ನು ಮೊದಲ ಸಲ ಬಾಯಿಬಿಟ್ಟು ಹೇಳಿದ. ಅವಳು ಯಾವುದನ್ನು ಮೊದಲು ಹೇಳಿದಳು, ಯಾವುದನ್ನು ಆಮೇಲೆ ಹೇಳಿದಳು, ಅದನ್ನೂ ಹೇಳಿದ.

"ಅವಳು ಹಾಗೆ ಬೇಕಂತಲೇ ಹೇಳಿದ್ಲೋ, ಬಾಯಿಗೆ ಬಂದ ಹಾಗೆ ಹೇಳಿದ್ಲೋ? ನಿಮಗೇನನ್ಸತ್ತೆ, ಮೀಟರಕ್ಕ?"

ಮೀಟರಕ್ಕ ಕಿಟಕಿಯ ಗಾಜು ಏರಿಸಿದಳು, ಇಳಿಸಿದಳು.

"ಭಾವ, ಇದಕ್ಕೆಲ್ಲ ತಲೆ ಕೆಡಿಸ್ಕೋಬೇಡಿ," ಎಂದ ಲೆಕ್ಚರರು. "ಅಕ್ಕ ಹೇಳಿಸಿದ್ಲೋ ನೀವೇ ಹೇಳಿದ್ರೋ, ಎರಡೂ ಒಂದೇ. ನಿಮ್ಮ ಸ್ವಭಾವ ಹೇಳ್ತು. ಆ ಸ್ವಭಾವ ನೀವು ಅಂಗಡೀಲಿ ಕೊಂಡು ತಂದಿದ್ದಲ್ಲ. ಒಂದರ ಹಿಂದೆ ಒಂದು ಕಾರಣ ಎಳಕೊಂಡು ಬರತ್ತೆ, ಅಷ್ಟೆ. ನಿಮ್ಮ ತಪ್ಪೇನೂ ಇಲ್ಲ."

"ಅಂದ್ರೆ ಸ್ಟೇರಿಂಗ್ ನನ್ನ ಕೈಲಿರಲಿಲ್ಲ ಅಂತೀಯ."

"ಕೈಲೇ ಇತ್ತು ಭಾವ. ಆದ್ರೆ ಬಸ್ಸಿಗೆ ಬೋರ್ಡು ಹಾಕಿದೋರು ಬೇರೆಯವರು."

ಬೇರೆ ದಿನವಾಗಿದ್ದರೆ ಸ್ಟೇರಿಂಗಪ್ಪ ಈ ಮಾತಿಗೆ ನಗುತ್ತಿದ್ದ. "ತಪ್ಪು ನಂದಲ್ಲ ಅಂತಾದ್ರೆ, ಬೇರೆ ಯಾವುದು ನಂದು ಹಾಗಾದ್ರೆ? ಇವಳನ್ನ ಮೆಚ್ಚಿ ಮದುವೆಯಾದೆನಲ್ಲ, ಅದು?"

ಹಿಂದಿನ ಸೀಟಿನಲ್ಲಿ ಮೀಟರಕ್ಕ ಕೆಮ್ಮಿದಳು.

"ಏನು?"

"ಏನಿಲ್ಲ."

"ಹೇಳಿಬಿಡಿ. ಹೇಗೂ ಇವತ್ತು ಎಲ್ಲ ಹೊರಗೆ ಬೀಳೋ ದಿನ."

*

ಆಗ ಸ್ಟೇರಿಂಗಪ್ಪ ಹೊಸದಾಗಿ ಕೆಲಸಕ್ಕೆ ಸೇರಿದ, ಖಾಕಿ ತೊಟ್ಟ ಹುಡುಗ. ಷರ್ಟಿನ ಬಟ್ಟೆಗೆಂದು ಅಂಗಡಿಗೆ ಬಂದಿದ್ದ. ಬಟ್ಟೆ ಕೊಂಡ ಮೇಲೂ ಗುಂಡಿ ಬೇಕು, ದಾರ ಬೇಕು ಎಂದು ಬರುತ್ತಲೇ ಇದ್ದ. ಕೌಂಟರಿನ ಹಿಂದೆ ಇಬ್ಬರು ಹುಡುಗಿಯರು. ಒಬ್ಬಳು ಮುಂದೆ ಬಂದು, ಬೀದಿಯ ಆಚೆ ಬದಿಗೂ ಕೇಳುವ ಹಾಗೆ "ಏನ್ ಬೇಕಿತ್ತು?" ಎಂದಳು. ಅವನು ಒಂದು ಹೆಜ್ಜೆ ಹಿಂದೆ ಸರಿದ. ಆಗ ಹಿಂದಿದ್ದವಳು ಕಪಾಟಿನ ನೆರಳಿನಿಂದ ಮೆಲ್ಲಗೆ ಬಂದು, ಏನೂ ಕೇಳದೆ, ಗುಂಡಿಗಳ ತಟ್ಟೆಯನ್ನು ಅವನ ಮುಂದೆ ಇಟ್ಟಳು. ಇವಳೇ, ಎಂದುಕೊಂಡ ಅವನು. ಇಬ್ಬರನ್ನು ನೋಡಿ ಇವಳನ್ನು ಆರಿಸಿದೆ ಎಂದು ಮಗಳಿಗೆ, ಅಳಿಯನಿಗೆ, ಬಸ್ಸಿನ ಕಂಡಕ್ಟರಿಗೆ, ಎಲ್ಲರಿಗೂ ಹೇಳಿಕೊಂಡು ತಿರುಗಿದ್ದ.

*

"ಮೊದಲು ಬಂದಿದ್ದು ನಾನು," ಎಂದಳು ಮೀಟರಕ್ಕ. "'ಆ ಖಾಕಿಯವರು ಬಂದ್ರೆ ಮೊದಲು ನೀನು ಹೋಗಿ ಮಾತಾಡ್ಸೇ' ಅಂದಿದ್ಲು. ನಾನು ಹೋದೆ. ನನ್ನ ಗಂಟಲು ನಿಮಗೆ ಹಿಡಿಸಲಿಲ್ಲ. ನೀವೂ ನನಗೆ ಹಿಡಿಸಿರಲಿಲ್ಲ ಬಿಡಿ, ಅದು ಬೇರೆ ಮಾತು." ಆಮೇಲೆ ದನಿ ತಗ್ಗಿಸಿ, "ಆದ್ರೂ ಒಂದು ಮಾತು ಕೇಳಿ ಡ್ರೈವರೇ. ಹರಡಿ ತೋರಿಸೋದಷ್ಟೇ ನಮ್ಮ ಕೈಲಿತ್ತು. ಗಿರಾಕಿ ಮುಖ ಅರಳತ್ತಲ್ಲ, ಅದನ್ನ ನಾವು ಅರಳಿಸೋಕಾಗ್ತಿರಲಿಲ್ಲ."

ಸ್ಟೇರಿಂಗಪ್ಪ ರಸ್ತೆಯತ್ತ ತಿರುಗಿದ. ಬೇರೆಯವರು ಕಾರು ಓಡಿಸುತ್ತಿದ್ದರೂ ಅವನ ಬಲಗಾಲು ಇಲ್ಲದ ಬ್ರೇಕನ್ನು ತುಳಿಯುತ್ತಿತ್ತು.

ಮಣ್ಣು ಮಾಡುವ ಜಾಗದಲ್ಲಿ ಗುಂಡಿ ತೋಡುವವನು ಗುದ್ದಲಿ ಹೆಗಲಿಗೇರಿಸಿಕೊಂಡು ಕಾಯುತ್ತಿದ್ದ. ಬನ್ನಿ ಎಂದು ನೇರವಾಗಿ ರಸ್ತೆ ಬದಿಯ ತಂತಿಬೇಲಿಯ ಹತ್ತಿರ ಕರೆದುಕೊಂಡು ಹೋದ. ತಗ್ಗು ನೆಲ, ಕಾಲಿಟ್ಟರೆ ಮೆತ್ತಗೆ ಕುಸಿಯುತ್ತಿತ್ತು. ಲಾರಿಗಳು ಕಿವಿಯ ಪಕ್ಕದಲ್ಲೇ ಹೋದಂತೆ ಹೋಗುತ್ತಿದ್ದವು.

"ಇದೊಂದು ಜಾಗ ಇದೆ ಯಜಮಾನ್ರೆ. ಇದು ಬೇಡ ಅಂದ್ರೆ ಅಲ್ಲಿ ಮರದ ಕೆಳಗೆ ಇನ್ನೊಂದಿದೆ."

ಸ್ಟೇರಿಂಗಪ್ಪನ ನಾಲಗೆಯ ತುದಿಗೆ ಬಂದಿದ್ದ 'ಬೇಡ' ಅಲ್ಲೇ ನಿಂತಿತು. ಅವನು ಗುದ್ದಲಿಯವನ ಮುಖವನ್ನೇ ನೋಡಿದ.

"ಅವಳು ಇಲ್ಲಿಗೆ ಬಂದಿದ್ಲಾ?"

"ಯಾರು?"

"ನಾಟಕ ಬೇಡಪ್ಪ. ಇದನ್ನ ಮೊದಲು ತೋರಿಸು ಅಂತ ನಿಂಗೆ ಹೇಳಿಕೊಟ್ಟೋಳು."

ಗುದ್ದಲಿಯವನು ಕಾಲಿನಿಂದ ಕಾಲಿಗೆ ಭಾರ ಬದಲಿಸಿದ. "ಹೇಳಬೇಡ ಅಂದಿದ್ರು... ಬಂದಿದ್ರು ಯಜಮಾನ್ರೆ. ಆ ಮರದ ಕೆಳಗೆ ತುಂಬಾ ಹೊತ್ತು ಕೂತಿದ್ರು. 'ಇದನ್ನ ಆಮೇಲೆ ತೋರಿಸು, ಅವರೇ ಇಷ್ಟಪಡ್ತಾರೆ' ಅಂದ್ರು."

"ಯಾವಾಗ? ಸರಿಯಾಗಿ ನೆನಪು ಮಾಡ್ಕೊಂಡು ಹೇಳು. ಯಾವಾಗ ಬಂದಿದ್ಲು?"

"ಮರ ಬೋಳಾಗಿತ್ತು. ಎಲೆ ಗುಡಿಸಿ ಗುಡಿಸಿ ನನಗೆ ಸಾಕಾಗಿತ್ತು. ಚಿಗುರೋಕೆ ಇನ್ನೂ ದಿನ ಇತ್ತು."

ಚಿಗುರುವ ಮೊದಲೇ. ಡಾಕ್ಟರು ಕೇಳುವ ಮೊದಲೇ, ಆಸ್ಪತ್ರೆಯ ಮಂಚ ಹತ್ತುವ ಮೊದಲೇ ಅವಳು ತನ್ನ ದಾರಿ ಗೊತ್ತು ಮಾಡಿಕೊಂಡಾಗಿತ್ತು.

"ನೋಡಿದ್ರಾ ಭಾವ," ಲೆಕ್ಚರರು ಅವನ ಭುಜ ಹಿಡಿದ. ದನಿ ಒಡೆದಿತ್ತು. "ನೀವು ಬೇಡ ಅಂದಿದ್ದಕ್ಕೆ ಹೋಗಲಿಲ್ಲ ಅಕ್ಕ. ಈಗಲಾದ್ರೂ ಆ ಭಾರ ಇಳಿಸಿಬಿಡಿ."

ಭಾರ ಇಳಿಯಬೇಕಾಗಿತ್ತು. ಆದರೆ ಇಳಿಜಾರಿನಲ್ಲಿ ಬ್ರೇಕು ಒತ್ತಿದಾಗ ಪೆಡಲು ಏನೂ ತಡೆಯಿಲ್ಲದೆ ತಳ ಮುಟ್ಟಿಬಿಟ್ಟರೆ ಹೇಗಿರುತ್ತದೋ ಹಾಗಾಯಿತು ಸ್ಟೇರಿಂಗಪ್ಪನಿಗೆ. ಅವಳನ್ನು ಕೊಂದವನು ತಾನಲ್ಲ, ಸರಿ. ಅವಳನ್ನು ಮೆಚ್ಚಿದವನೂ ತಾನಲ್ಲ. ಹಾಗಾದರೆ ಇಷ್ಟು ವರ್ಷ ಆ ಮನೆಯಲ್ಲಿ ಉಂಡು ಮಲಗಿ ಎದ್ದವನು ಯಾರು?

"ಇಲ್ಲೇ ತೋಡು," ಎಂದ.

"ಭಾವ!"

"ಇಲ್ಲೇ. ಈ ಬೇಲಿ ಪಕ್ಕದಲ್ಲೇ."

"ಹಠಕ್ಕೆ ಮಾಡ್ತಿದ್ದೀರಿ ನೀವು. ಅಕ್ಕ ಮರದ ಕೆಳಗೆ ಅಂದಿದ್ದಾಳೆ."

"ಅದಕ್ಕೇ. ಕೊಯ್ಸೋದು ಬೇಡ ಅಂದೋನು ನಾನು. ನನ್ನ ಬಾಯಿ, ನನ್ನ ಮಾತು. ಅದನ್ನ ಯಾರೂ ನನ್ನಿಂದ ಕಿತ್ಕೋಬೇಡಿ. ಇದನ್ನೂ ನಾನೇ ಹೇಳ್ತಿದ್ದೀನಿ. ತೋಡು!"

ಗುದ್ದಲಿಯ ಏಟು ಬಿತ್ತು. ಮೊಣಕಾಲುದ್ದ ಇಳಿಯುವುದರೊಳಗೆ ಗುಂಡಿಯ ಬದಿಗಳಿಂದ ನೀರು ಜಿನುಗತೊಡಗಿತು. ಚಹಾದ ಬಣ್ಣದ ನೀರು. ಗುದ್ದಲಿಯವನು ಒಂದು ಸಲ ಮೇಲೆ ನೋಡಿ, ಮತ್ತೆ ಬಗ್ಗಿ ತೋಡಿದ. ನೀರು ಅವನ ಪಾದ ಮುಚ್ಚಿತು. ಬಚ್ಚಲು ಒದ್ದೆಯಿದ್ದರೆ ಹಿಮ್ಮಡಿ ಊರಿ, ಬೆರಳು ಮೇಲೆತ್ತಿಕೊಂಡು, ಗೊಣಗುತ್ತ ನಡೆಯುತ್ತಿದ್ದವಳು ಸ್ಟೇರಿಂಗಪ್ಪನ ಕಣ್ಣ ಮುಂದೆ ಬಂದಳು.

"ಸಾಕು," ಎಂದ. ಗುಂಡಿಯ ಅಂಚಿಗೆ ಬಂದು ಮತ್ತೆ ಅಂದ, "ಸಾಕು, ಬಿಡು. ಇಲ್ಲಿ ಬೇಡ. ಆ ಕಡೆ ತೋಡು."

ಮೀಟರಕ್ಕ ಅವನ ತೋಳು ಹಿಡಿದುಕೊಂಡಳು. ಅವನು ಬಿಡಿಸಿಕೊಳ್ಳಲಿಲ್ಲ.

ಮಧ್ಯಾಹ್ನ ಅವಳನ್ನು ತಂದರು. ಮರದ ಕೆಳಗಿನ ಮಣ್ಣು ಒಣಗಿ ಪುಡಿಪುಡಿಯಾಗಿತ್ತು, ಬೆರಳುಗಳ ಸಂದಿನಿಂದ ಉದುರುತ್ತಿತ್ತು. ಮಗಳು ಅತ್ತು ಅತ್ತು ದನಿ ಕಳೆದುಕೊಂಡಿದ್ದಳು. ನಾಲ್ಕು ಜನ ನಾಲ್ಕು ಒಳ್ಳೆಯ ಮಾತಾಡಿದರು. ಪಾಪದ ಹೆಂಗಸು, ಒಂದು ದಿನವೂ ಯಾರ ಮೇಲೂ ತನ್ನ ಇಷ್ಟ ಹೇರಿದವಳಲ್ಲ ಎಂದರು. ಲೆಕ್ಚರರು ತಲೆ ತಗ್ಗಿಸಿ ಚಪ್ಪಲಿ ನೋಡಿಕೊಂಡ. ಆಮೇಲೆ ಎಲ್ಲರೂ ಒಬ್ಬೊಬ್ಬರಾಗಿ ಗೇಟಿನತ್ತ ನಡೆದರು.

ಸ್ಟೇರಿಂಗಪ್ಪ ಬೇಲಿಯ ಪಕ್ಕದ ಅರ್ಧ ಗುಂಡಿಯ ಹತ್ತಿರ ಬಂದು ನಿಂತಿದ್ದ. ಗುದ್ದಲಿಯವನು ಹಿಂದೆಯೇ ಬಂದ.

"ಇದನ್ನ ಮುಚ್ಚಿಬಿಡ್ಲಾ, ಯಜಮಾನ್ರೆ?"

"ಮುಚ್ಚಬೇಡ. ಇರ್ಲಿ ಹಾಗೇ." ಗುಂಡಿಯತ್ತ ಕೈ ತೋರಿಸಿ ಹೇಳಿದ, "ಇದು ನಂಗೆ."

ಯಾಕೆ ಎಂದು ಗುದ್ದಲಿಯವನು ಕೇಳಲಿಲ್ಲ. ಈ ಮಾತನ್ನೂ ಯಾರೋ ಮೊದಲೇ ಹೇಳಿಟ್ಟಿದ್ದರೆಂಬಂತೆ ಆಶ್ಚರ್ಯವನ್ನೂ ಪಡಲಿಲ್ಲ. ಏನೋ ಹೇಳಲು ಬಾಯಿ ತೆರೆದವನು, ಗೇಟಿನ ಹತ್ತಿರ ಕಾಯುತ್ತಿದ್ದ ಮೀಟರಕ್ಕನತ್ತ ಒಮ್ಮೆ ನೋಡಿ, ಅವಳು ಬೇಡವೆಂದು ತಲೆಯಾಡಿಸಿದ್ದು ಕಂಡು, ತೆರೆದ ಬಾಯನ್ನು ಹಾಗೇ ಮುಚ್ಚಿಕೊಂಡು ಗುದ್ದಲಿ ಒರೆಸುತ್ತ ಹೊರಟುಹೋದ.

ಸ್ಟೇರಿಂಗಪ್ಪ ಗುಂಡಿಯೊಳಗೆ ಬಗ್ಗಿ ನೋಡಿದ. ನೀರು ತಿಳಿಯಾಗಿ, ಅದರಲ್ಲಿ ಒಂದು ತುಂಡು ಆಕಾಶವೂ ಒಂದು ಮುದಿ ಮುಖವೂ ಕೂಡಿಕೊಳ್ಳುತ್ತಿದ್ದವು. ರಸ್ತೆಯಲ್ಲಿ ಲಾರಿಯೊಂದು ಹೋಯಿತು. ನೀರು ನಡುಗಿ ಮುಖ ಒಡೆದುಹೋಯಿತು. ಅದು ಮತ್ತೆ ಕೂಡಿಕೊಳ್ಳುತ್ತ, ಇನ್ನೇನು ಯಾರದೆಂದು ತಿಳಿಯಬೇಕು ಅನ್ನುವಷ್ಟರಲ್ಲಿ ಇನ್ನೊಂದು ಲಾರಿ ಬಂತು.