ಕೊನೆಯಲ್ಲಿ ಹೇಳಿದ ಹೆಸರು

ಭವತೋಷ ಕುಂಡು ನಡೆಯುವಾಗ ತಲೆಯನ್ನು ಎಡಕ್ಕೆ ವಾಲಿಸಿಕೊಂಡು, ಒಂದು ಹೆಜ್ಜೆ ಹಿಂದೆ ಬರುತ್ತಿರುವ ಯಾರದೋ ಪಿಸುಮಾತನ್ನು ಆಲಿಸುವವರಂತೆ ಕಾಣುತ್ತಿದ್ದರು. ಕಲ್ಕತ್ತೆಯ ವೈಶಾಖದ ಧಗೆಯಲ್ಲೂ ಅವರ ಮೈಮೇಲಿನ ಕರಿಯ ಕೋಟು ಇಳಿಯುತ್ತಿರಲಿಲ್ಲ. ಅದರ ಒಂದು ಜೇಬಿನಲ್ಲಿ ಗ್ರಾಮಫೋನಿನ ಮುಳ್ಳುಗಳ ತಗಡಿನ ಡಬ್ಬಿ, ಇನ್ನೊಂದರಲ್ಲಿ ಹಾಡಿನ ಪ್ಲೇಟಿನ ಧೂಳೊರೆಸುವ ಮಖಮಲ್ಲಿನ ತುಂಡು. ಭವಾನೀಪುರದ ನಮ್ಮ ಓಣಿಯಲ್ಲಿ ಹೆಸರು ಮರೆತ ಹಾಡೊಂದು ಯಾರ ಬಾಯಲ್ಲಿ ಉಳಿದಿದ್ದರೂ ಅದರ ಕುಲಗೋತ್ರ ಕೇಳಲು ಅವರ ಬಾಗಿಲಿಗೇ ಬರಬೇಕಿತ್ತು. ಎರಡು ಸಾಲು ಗುನುಗಿದರೆ ಸಾಕು, ರಾಗ, ಹಾಡಿದವರು, ಮುದ್ರಣದ ವರ್ಷ, ಎಲ್ಲವನ್ನೂ ಹೇಳುವರು. ತಿಳಿಯದಿದ್ದರೆ ಗುಜರಿ ಅಂಗಡಿಗಳನ್ನು ವರ್ಷಗಟ್ಟಲೆ ಅಲೆಯುವರು. 'ಇರಬಹುದು' ಎಂಬ ಮಾತು ಮಾತ್ರ ಅವರ ನಾಲಗೆಯ ಮೇಲೆ ಬಂದದ್ದಿಲ್ಲ.

ಒಂದು ಮದುವೆಯೂಟದಲ್ಲಿ, ಸಾಸಿವೆಯಲ್ಲಿ ಬೇಯಿಸಿದ ಇಲಿಶ್ ಮೀನನ್ನು ಎಲೆಯಲ್ಲೇ ಬಿಟ್ಟೆದ್ದು, ಎಂಜಲುಗೈಯಲ್ಲೇ ಶಹನಾಯಿ ನುಡಿಸುತ್ತಿದ್ದ ಮುದುಕನೆದುರು ಹೋಗಿ ನಿಂತಿದ್ದರು.

"ಬನ್ನಿ ಮಶಾಯ್, ಮೀನು ಆರಿಹೋಗತ್ತೆ," ಎಂದರು ಮನೆಯವರು.

"ಮೀನು ನಾಳೆಯೂ ಸಿಗತ್ತೆ. ಈ ಮುದುಕ ನಾಳೆ ಇರ್ತಾನಾ?"

ಮುದುಕನಿಗೆ ಉಸಿರು ತಪ್ಪಿ ಶಹನಾಯಿ ಕೀಚೆಂದಿತು.

ಇಂಥವರ ಬಳಿಗೆ ಒಂದು ಮಧ್ಯಾಹ್ನ ಕಮಲಿನಿ ಪಾಲಿತ ಬಂದರು. ಹೆಣ್ಣುಮಕ್ಕಳ ಶಾಲೆಯಲ್ಲಿ ಭೂಗೋಳ ಕಲಿಸಿ ನಿವೃತ್ತರಾದವರು. ಮದುವೆಗೆ ಮುನ್ನ ತಾನೊಂದು ಪ್ಲೇಟಿಗೆ ಹಾಡಿದ್ದೆನೆಂದು ಅವರ ತಾಯಿ ಹೇಳುತ್ತಿದ್ದರಂತೆ. ಗಂಡನ ಮನೆಯವರು ಜೀವಮಾನವಿಡೀ ನಕ್ಕರಂತೆ. ಸುಳ್ಳುಬುರುಕಿ ಎನಿಸಿಕೊಂಡೇ ಆಕೆ ಸತ್ತಿದ್ದರು. ತಾಯಿ ಹುಟ್ಟಿದ ವರ್ಷ ಹೇಳಿ, ಅಡುಗೆಮನೆಯಲ್ಲಿ ಆಕೆ ಹಾಡುತ್ತಿದ್ದ ಎರಡು ಸಾಲುಗಳನ್ನು ಕಮಲಿನಿ ಸಂಕೋಚದಿಂದ ಗುನುಗಿದರು.

"ಎಲ್ಲರೂ ಇದನ್ನ ಭೈರವಿ ಅಂತಾರೆ."

"ಅಲ್ಲ ದಿದಿ, ಜೋಗಿಯಾ. ಇಳಿಯುವಾಗ ಗಾಂಧಾರ ಮುಟ್ಟದೆ ರಿಷಭಕ್ಕೆ ಜಾರಿತು ನೋಡಿ. ಹುಡುಕ್ತೀನಿ."

ಒಂಬತ್ತು ವರ್ಷ ಹುಡುಕಿದರು. ಶ್ಯಾಮಬಜಾರಿನ ಗುಜರಿಯೊಂದರಲ್ಲಿ, ಒಡೆದ ಬೋಗುಣಿಗಳ ಅಡಿಯಲ್ಲಿ, ಹೆಸರಿನ ಚೀಟಿ ಕಿತ್ತುಹೋಗಿದ್ದ ಆ ಪ್ಲೇಟು ಸಿಕ್ಕಿತು. ಅಂಗಡಿಯಲ್ಲಿ ಮೊದಲ ಸಾಲಷ್ಟೇ ಹಾಕಿಸಿ ಗುರುತು ಹಿಡಿದರು; ಮನೆಗೆ ತಂದು ಪೂರ್ತಿ ಕೇಳಲಿಲ್ಲ. ಮೊದಲು ಮಗಳೇ ಕೇಳಬೇಕೆಂದು ಕಮಲಿನಿಯವರಿಗೆ ಹೇಳಿಕಳಿಸಿದರು. ಆ ದಿನ ನಾನೂ ಅಲ್ಲಿದ್ದೆ. ಮುಳ್ಳು ಇಳಿಯಿತು; ಕರಕರ ಸದ್ದಿನ ಆಚೆಯಿಂದ ಅದೇ ಎರಡು ಸಾಲು ತೇಲಿಬಂತು. "ಅಮ್ಮ! ನನ್ನಮ್ಮ!" ಎಂದು ಎಪ್ಪತ್ತರ ಆ ಹೆಂಗಸು ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಆ ಕಾಲದ ಗಾಯಕಿಯರು ಹಾಡು ಮುಗಿಸಿ ತಮ್ಮ ಹೆಸರು ಹೇಳುತ್ತಿದ್ದರಷ್ಟೆ. ಹಾಡು ಮುಗಿಯಿತು. "ನಾನು ತಾರಕದಾಸಿ, ಚಿತ್‌ಪುರ," ಎಂದಿತು ಆ ದನಿ. ಚಿತ್‌ಪುರ ಆಗ ಕಸಬಿನ ಗಾಯಕಿಯರ ಕೇರಿ.

ಕಮಲಿನಿ ಮುಖದಿಂದ ಸೆರಗು ಸರಿಸಿ ಕೇಳಿದರು: "ಮರ್ಯಾದಸ್ಥರ ಮನೆ ಹುಡುಗೀರು ಆಗ ಹೆಸರು ಮರೆಸ್ತಿದ್ದರಲ್ವಾ? ಅಮ್ಮನೇ ಇರಬಹುದಲ್ವಾ, ಭವತೋಷ ಬಾಬು?"

ಭವತೋಷ ಪ್ಲೇಟಿನ ಒಳಅಂಚಿನಲ್ಲಿ ಕೊರೆದಿದ್ದ, ಮುದ್ರಣದ ವರ್ಷ ತಿಳಿಸುವ ಅಂಕಿಗಳನ್ನು ಬೆರಳಿನಿಂದ ಸವರಿದರು.

"ಇಲ್ಲ ದಿದಿ. ಇದನ್ನ ಮುದ್ರಿಸಿದಾಗ ನಿಮ್ಮಮ್ಮನಿಗೆ ಎಂಟು ವರ್ಷ."

ಎರಡು ತಿಂಗಳಾದ ಮೇಲೆ, ಮನಸ್ಸು ತಡೆಯದೆ, ಪ್ಲೇಟನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಭವತೋಷರೇ ಆಕೆಯ ಮನೆಗೆ ಹೋದರು. ಕಮಲಿನಿ ಒಳಗೆ ಕರೆಯಲಿಲ್ಲ.

"ಅದನ್ನ ನೀವೇ ಇಟ್ಕೊಳ್ಳಿ. ಅಮ್ಮನ ದನಿ ನನ್ನ ಕಿವಿಯಿಂದ ಹೊರಟೇಹೋಯ್ತು. ಈಗ ಕಣ್ಣು ಮುಚ್ಚಿದರೆ, ಅಡುಗೆಮನೆಯಲ್ಲಿ ಕೂತು ಹಾಡೋಳು ತಾರಕದಾಸಿ."

ಅನಂತರವೂ ಅವರು ಹಾಡುಗಳಿಗೆ ಹೆಸರು ಹೇಳಿದರು, ಆದರೆ ಕೇಳುವವರ ಮುಖ ನೋಡದೆ. ಸಾಯುವವರೆಗೂ ಆ ಪ್ಲೇಟನ್ನು ಮತ್ತೆ ಹಾಕಲಿಲ್ಲ.

ಮರೆವಿನ ಕೆಸರಿನಿಂದ ಒಂದೊಂದೇ ದನಿಯನ್ನೆತ್ತಿ ಅದರ ಒಡೆಯರಿಗೆ ಒಪ್ಪಿಸುವ ಇಂಥವರನ್ನು ನಾವು ಕಲ್ಲೆದೆಯವರೆಂದುಬಿಡುತ್ತೇವೆ. ಎದುರಿಗೆ ಕುಳಿತು ಅಳುವವರಿಗೆ ನಾವು ಮರುಗುತ್ತೇವೆ. ಅವರೋ, ಅಳಲು ಯಾರನ್ನೂ ಬಿಟ್ಟುಹೋಗದ ತಾರಕದಾಸಿಯ ಪರವಾಗಿಯೂ ಸಾಕ್ಷಿ ನುಡಿಯಬೇಕು. ಸತ್ತವರಿಗೆ ಸಲ್ಲಬೇಕಾದ ಹೆಸರನ್ನು ಸಲ್ಲಿಸುತ್ತ ಹೋದಂತೆ, ಬದುಕಿರುವವರ ಮನೆಯ ಬಾಗಿಲುಗಳು ಅವರಿಗೆ ಒಂದೊಂದಾಗಿ ಮುಚ್ಚಿಕೊಳ್ಳುತ್ತವೆ.