ಬೆವರು ಓದುತ್ತಿದ್ದ ಲಾಲ್ ಬಾಷಾ

ಲಾಲ್ ಬಾಷಾ ಅವರು ಯಾರನ್ನೇ ಆಗಲಿ ಮೊದಲು ನೋಡುತ್ತಿದ್ದುದು ಬೆನ್ನಿನ ಕಡೆಯಿಂದ. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯ ಮಗ್ಗುಲಲ್ಲಿ ಜಟಕಾ ಕುದುರೆಗಳಿಗೆ ಚರ್ಮದ ಪಟ್ಟಿ ಹೊಲಿಯುತ್ತ ನಲವತ್ತು ವರ್ಷ ಕಳೆದಿದ್ದ ಅವರು, ಬಿರುಬೇಸಿಗೆಯಲ್ಲೂ ಬಿಚ್ಚದ ಕರಿಯ ಕೋಟಿನ ಕಾಲರಿಗೆ ನಾಲ್ಕಾರು ದಪ್ಪ ಸೂಜಿಗಳನ್ನು ಚುಚ್ಚಿಕೊಂಡು, ಗಿರಾಕಿಯನ್ನು ಒಂದು ಸುತ್ತು ಬಳಸಿ ಬಂದೇ ಮಾತಿಗೆ ತೊಡಗುತ್ತಿದ್ದರು. ಆ ಮಾತಿನ ಮೊದಲ ಪದ ಯಾವಾಗಲೂ ‘ನೋಡಣ’.

೧೯೮೬ರಲ್ಲಿ ನನ್ನ ಅಕ್ಕ ವೆಂಕಟರತ್ನಮ್ಮನ ಮಗಳು, ಹನ್ನೆರಡು ವರ್ಷದ ಶ್ಯಾಮಲಾಳ ಬೆನ್ನುಮೂಳೆ ಪಕ್ಕಕ್ಕೆ ಬಾಗುತ್ತಿದೆಯೆಂದು ಗೊತ್ತಾಯಿತು. ಬಾಗು ಮೂವತ್ತು ಡಿಗ್ರಿ. ಬೆಂಗಳೂರಿನ ವೈದ್ಯರು ಸೊಂಟಕ್ಕೆ ಚರ್ಮದ ಕವಚ, ಅದರಿಂದ ಗದ್ದದವರೆಗೆ ಏರುವ ಕಂಬಿಗಳಿದ್ದ ಬೆಲ್ಟೊಂದನ್ನು ಮಾಡಿಸಿಕೊಟ್ಟು, ದಿನಕ್ಕೆ ಇಪ್ಪತ್ತಮೂರು ಗಂಟೆ ತೊಡಲೇಬೇಕು, ಇದು ಬೆನ್ನನ್ನು ನೆಟ್ಟಗೆ ಮಾಡುವುದಿಲ್ಲ, ಬೆಳವಣಿಗೆ ಮುಗಿಯುವ ತನಕ ಬಾಗು ಹೆಚ್ಚದಂತೆ ಹಿಡಿದರೆ ಸಾಕು, ಐವತ್ತರ ಹತ್ತಿರ ಹೋದರೆ ಆಪರೇಷನ್ನೇ ಗತಿ ಎಂದರು. ಅದರ ಪಟ್ಟಿಗಳ ರಿಪೇರಿ ಲಾಲ್ ಬಾಷಾ ಅವರ ಪಾಲಿಗೆ ಬಂತು. ತಿಂಗಳಿಗೊಮ್ಮೆ ಹೊಂಗೆ ಎಣ್ಣೆ ತಿಕ್ಕಿ, ಚರ್ಮವನ್ನು ಮೆತ್ತಗೆ ಮಾಡಿ ಕೊಡುತ್ತಿದ್ದರು. ಆದರೂ ಆರು ತಿಂಗಳಿಗೆ ಬಾಗು ಮೂವತ್ತಾರಕ್ಕೇರಿತು. ಬೆಲ್ಟಿನಿಂದ ಪ್ರಯೋಜನವಿಲ್ಲವೆಂದು ನಾವೆಲ್ಲ ತೀರ್ಮಾನಿಸಿಬಿಟ್ಟೆವು.

ಲಾಲ್ ಬಾಷಾ ಒಪ್ಪಲಿಲ್ಲ. ಕವಚವನ್ನು ಬಿಸಿಲಿಗೆ ಹಿಡಿದು ಒಳಮೈಯ ಬೆವರಿನ ಕಲೆಯ ಮೇಲೆ ಬೆರಳಾಡಿಸಿದರು. ಕುದುರೆ ಎಷ್ಟು ಹೊತ್ತು ದುಡಿದಿದೆಯೆಂದು ಪಟ್ಟಿ ಮುಟ್ಟಿಯೇ ಹೇಳಬಲ್ಲ ಬೆರಳುಗಳವು.

“ನೋಡಣ... ಇದು ಹತ್ತು ಗಂಟೆ ಬೆವರು ಕಣಮ್ಮ. ಮಿಕ್ಕಿದ್ದೆಲ್ಲೋಯ್ತು?”

ಶ್ಯಾಮಲಾ ತಲೆ ತಗ್ಗಿಸಿದಳು. “ಹುಳದ ಮನೆಗೆ ಹೋಗ್ವಾಗ ಅಮ್ಮ ಬಿಚ್ಚು ಅಂತಾಳೆ ತಾತ. ಎಣ್ಣೆ ವಾಸ್ನೆಗೆ ಹುಳ ಸೊಪ್ಪು ಮುಟ್ಟಲ್ವಂತೆ.”

ಅಕ್ಕನ ಮನೆಯಲ್ಲಿ ರೇಷ್ಮೆಹುಳುವೇ ಸಂಸಾರ. ಹುಳುವಿನ ತಟ್ಟೆಗಳೂ ಮನೆಯವರ ಹಾಸಿಗೆಯೂ ಒಂದೇ ಕೋಣೆಯಲ್ಲಿ. ಹೀಗಾಗಿ ಹುಡುಗಿ ಅಲ್ಲಿರುವಷ್ಟು ಹೊತ್ತೂ ಬೆಲ್ಟು ಜಗಲಿಯ ಗೂಟದ ಮೇಲೆ. ಲಾಲ್ ಬಾಷಾ ತಮ್ಮ ಅಂಗೈಯನ್ನು ಮೂಗಿಗೆ ಹಿಡಿದರು. ಮುಖ ಇಳಿದುಹೋಯಿತು.

“ನಮ್ಮ ಎಣ್ಣೇನೇ,” ಎಂದರು.

ಆಮೇಲಿನ ಅವರ ಸಡಗರವನ್ನು ಹೇಗೆ ಹೇಳಲಿ! ಅಂಟುವಾಳದ ನೊರೆಯಲ್ಲಿ ಚರ್ಮವನ್ನು ಉಜ್ಜಿ ಒರೆಸಿ, ಗಾಳಿಗೊಡ್ಡಿ, ಒಗೆದ ಹತ್ತಿಬಟ್ಟೆಯ ಅಸ್ತರಿ ಕೊಟ್ಟು, ಸಂಜೆಯೊಳಗೆ ಓಡುನಡಿಗೆಯಲ್ಲಿ ಅಕ್ಕನ ಮನೆ ಸೇರಿದರು. ಬಾಗಿಲಲ್ಲಿ ನಿಂತು, ನಲವತ್ತು ವರ್ಷದ ವಾಸನೆ ಹೊತ್ತ ಕೋಟನ್ನು ಕಳಚಿ ಹೊರಗಿಟ್ಟರು. ಕೋಟಿಲ್ಲದ ಲಾಲ್ ಬಾಷಾರನ್ನು ನಾನು ಕಂಡದ್ದು ಅಂದೇ. ಬೆಲ್ಟನ್ನು ತಟ್ಟೆಗಳ ಪಕ್ಕದಲ್ಲಿಟ್ಟು ಉಸಿರು ಬಿಗಿಹಿಡಿದು ಕೂತರು. ಒಂದು ಗಂಟೆ ಕಳೆದರೂ ಹುಳುಗಳು ಸೊಪ್ಪು ಮೇಯುವ ಸರಸರ ಸದ್ದು ನಿಲ್ಲಲಿಲ್ಲ. ಅಕ್ಕನೇ ಎದ್ದು ಮಗಳಿಗೆ ಪಟ್ಟಿ ಬಿಗಿದಳು.

ತೊಂಬತ್ತರಲ್ಲಿ, ಹುಡುಗಿಯ ಬೆಳವಣಿಗೆ ಮುಗಿದಾಗ, ಕೊನೆಯ ಎಕ್ಸ್‌ರೇ ಮೂವತ್ತೇಳು ತೋರಿಸಿತು.

“ಇಷ್ಟು ವರ್ಷ ಕಟ್ಟಿದ್ರೂ ಒಂದೂ ಇಳೀಲಿಲ್ವಲ್ಲ,” ಎಂದು ಅಕ್ಕ ಪೆಚ್ಚಾದಳು.

ಲಾಲ್ ಬಾಷಾ ಫಿಲ್ಮನ್ನು ಆಕಾಶಕ್ಕೆ ಹಿಡಿದು, “ಇಳಿಯಾದು ಯಾರಿಗೆ ಬೇಕಮ್ಮ? ನಿಂತೈತೆ. ನಮ್ಮ ಹುಡುಗಿಗೆ ಕತ್ತರಿ ಬೀಳಲ್ಲ,” ಎಂದವರೇ ಶ್ಯಾಮಲಾಳ ಸುತ್ತ ಬಂದು, ಎದುರು ನಿಂತು, ಮೊದಲ ಸಲವೆಂಬಂತೆ ಅವಳ ಮುಖ ನೋಡಿದರು. ನನಗೆ ಕಣ್ಣು ತುಂಬಿತು.

ಇಂಥ ಕೆಲಸಗಾರರು ಏನನ್ನೂ ನೆಟ್ಟಗೆ ಮಾಡಿದೆವೆಂದು ಹೇಳಿಕೊಳ್ಳುವುದಿಲ್ಲ, ಆದ್ದರಿಂದ ಅವರ ಹೆಸರು ಎಲ್ಲೂ ಉಳಿಯುವುದಿಲ್ಲ. ಕೆಟ್ಟದ್ದು ಇನ್ನಷ್ಟು ಕೆಡದಂತೆ ಹಿಡಿದು ನಿಲ್ಲಿಸುತ್ತಾರೆ. ಹಿಡಿತ ತಪ್ಪಿದರೆ ಯಾರನ್ನೂ ದೂರದೆ, ಮೊದಲು ತಮ್ಮ ಅಂಗೈಯನ್ನೇ ಮೂಸಿ ನೋಡಿಕೊಳ್ಳುತ್ತಾರೆ.